ಗೂಟಕ್ಕೆ ನೀರು ಹಾಕದ ಅಕ್ಕೋರು

ಹೋದ ತಿಂಗಳು ನಮ್ಮ ಹೊಲಿಗೆ ಅಕ್ಕೋರ ಬೀಳ್ಕೊಡುಗೆ ಸಮಾರಂಭ ಅರ್ಧಕ್ಕೇ ನಿಂತಿತು. ಅಭಿನಂದನಾ ಪತ್ರ ಓದುತ್ತಿದ್ದವನು ನಾನು. ಒಂದು ಪುಟ ಮುಗಿದಿತ್ತು, ಎರಡನೆಯ ಪುಟ ಓದಲೇ ಇಲ್ಲ. ತನ್ನ ಸಮಾರಂಭವನ್ನು ತಾನೇ ಕೆಡಿಸಿಕೊಂಡ ಹೆಂಗಸು ಈಕೆಯೊಬ್ಬಳೇ ಇರಬೇಕು ಎಂದು ವೇದಿಕೆಯ ಮೇಲಿದ್ದವರು ಆಡಿಕೊಂಡರಂತೆ. ಮೊನ್ನೆ ಯಲಬುರ್ಗಾ ಬಸ್ ನಿಲ್ದಾಣದಲ್ಲಿ ಸಿಕ್ಕ ಹಳೆಯ ಸಹೋದ್ಯೋಗಿಯೊಬ್ಬರು, "ಹೊಲಿಗಿ ಟೀಚರಿಗೆ ಕರೆಂಟಿನ ಉಸಾಬರಿ ಯಾಕ ಬೇಕಿತ್ರಿ, ಅದೂ ಕಡೀ ದಿನ?" ಎಂದು ನನ್ನನ್ನೇ ಕೇಳಿದರು. ಬೇಕಿತ್ತು. ಯಾಕೆ ಬೇಕಿತ್ತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಓದದೆ ಬಿಟ್ಟ ಆ ಎರಡನೆಯ ಪುಟದಲ್ಲಿ "ಮೃದು ಸ್ವಭಾವ", "ಎಲ್ಲರೊಡನೆ ಹೊಂದಿಕೊಂಡು ಹೋಗುವ ಗುಣ" ಎಂದೆಲ್ಲ ಇತ್ತು. ಶುದ್ಧ ಸುಳ್ಳು. ಅವರು ಯಾರೊಡನೆಯೂ ಹೊಂದಿಕೊಂಡು ಹೋದವರಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆಯುತ್ತೇನೆ ಅಂದಾಗ, "ಹೆಸರ ಹಾಕಬ್ಯಾಡ್ರಿ, ಆದದ್ದ ಹಾಕ್ರಿ" ಅಂದರು. ನಮ್ಮ ಕಡೆ ಶಿಕ್ಷಕಿಯರೆಲ್ಲ ಅಕ್ಕೋರೇ. ನಾನೂ ಕಡೆಯವರೆಗೆ ಹಾಗೇ ಕರೆದೆ.

ತೊಂಬತ್ತೆಂಟರಲ್ಲಿ ನನಗೆ ಮೊದಲ ನೌಕರಿ ಸಿಕ್ಕಿತು. ಯಲಬುರ್ಗಾದಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ, ಎರೆಮಣ್ಣಿನ ಊರು, ಸರ್ಕಾರಿ ಹೈಸ್ಕೂಲು. ನಾನು ವಿಜ್ಞಾನದ ಮಾಸ್ತರ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದೆ, ತಲೆ ಸ್ವಲ್ಪ ತಿರುಗಿತ್ತು. ನನ್ನ ಕೋಣೆಗೂ ಹೊಲಿಗೆ ಕೋಣೆಗೂ ನಡುವೆ ಇದ್ದದ್ದು ಮಾಡಿಗೆ ಮುಟ್ಟದ ಮೋಟುಗೋಡೆ. ನಾನು ಪಾಠ ಮಾಡಿದರೆ ಆಚೆ ಕೇಳುತ್ತಿತ್ತು, ಆಚೆ ಹೊಲಿಗೆ ಯಂತ್ರ ತುಳಿದರೆ ಈಚೆ ಕೇಳುತ್ತಿತ್ತು. ಆ ಗೋಡೆಯೇ ನನ್ನ ಮಾನ ಕಳೆಯಿತು.

ಒಂಬತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ. ಬೋರ್ಡಿನ ಮೇಲೆ ಬ್ಯಾಟರಿ ಶೆಲ್ಲು, ತಂತಿ, ಬಲ್ಬು ಬರೆದು ಬಾಣದ ಗುರುತು ಹಾಕಿದ್ದೆ. ಒಬ್ಬಳು ಎದ್ದು, "ಸರ, ಬಲ್ಬಿನ್ಯಾಗ ಕರೆಂಟ್ ಖರ್ಚಾಗಿ ಬಿಡತೈತೇನ್ರಿ?" ಅಂದಳು. ಖರ್ಚಾಗುತ್ತದೆ, ಅದಕ್ಕೇ ಬೆಳಕು ಬರುತ್ತದೆ, ಮುಂದೆ ಹೋಗುವುದು ಉಳಿದದ್ದಷ್ಟೇ ಎಂದು ಹೇಳಿಬಿಟ್ಟೆ. ಮರುದಿನ ಅದೇ ಹುಡುಗಿ ಎದ್ದು, "ಸರ, ನೀವ್ ಅಂದಂಗಾದ್ರ ಮುಂದಿನ ಬಲ್ಬ್ ಸಣ್ಣಗ ಉರೀಬೇಕಿತ್ರಿ. ಎರಡೂ ಒಂದ ಸಮ ಉರದ್ವು" ಅಂದಳು. ಎಲ್ಲಿ ನೋಡಿದಿ ಅಂದರೆ ಮೋಟುಗೋಡೆಯ ಕಡೆ ಕೈ ತೋರಿಸಿದಳು.

ಸಿಟ್ಟಿನಿಂದಲೇ ಹೊಲಿಗೆ ಕೋಣೆಗೆ ಹೋದೆ. ಮೇಜಿನ ಮೇಲೆ ಎರಡು ಬ್ಯಾಟರಿ ಶೆಲ್ಲು, ಒಂದರ ಹಿಂದೆ ಒಂದರಂತೆ ಜೋಡಿಸಿದ ಎರಡು ಸಣ್ಣ ಬಲ್ಬು. ಎರಡೂ ಮಂಕಾಗಿ, ಒಂದೇ ಸಮ ಉರಿಯುತ್ತಿದ್ದವು. ಅಕ್ಕೋರು ಗುಂಡಿಯ ಕಾಜಾ ಹೊಲಿಯುತ್ತ ಕೂತಿದ್ದರು, ತಲೆ ಎತ್ತಲಿಲ್ಲ.

"ನನಗೇನೂ ಗೊತ್ತಿಲ್ರಿ ಸರ. ಬಲ್ಬಿಗೆ ಕೇಳ್ರಿ."

ಬಲ್ಬಿಗೆ ಕೇಳಿದೆ. ಹೋದಷ್ಟೇ ಕರೆಂಟು ತಿರುಗಿ ಬರುತ್ತದೆ, ನಡುವೆ ಎಲ್ಲೂ ಸವೆಯುವುದಿಲ್ಲ ಎಂಬುದನ್ನು ಪದವಿ ಪಡೆದ ಮೇಲೆ ಅವತ್ತು ಮೊದಲ ಸಲ ಕಣ್ಣಾರೆ ಕಂಡೆ. ದಾರಿಯಲ್ಲಿ ಅದು ಕೆಲಸ ಮಾಡುತ್ತದೆ, ಆದರೆ ತಾನು ಕಡಿಮೆಯಾಗುವುದಿಲ್ಲ. ಮುಂದಿನ ಪಿರಿಯಡ್ಡಿನಲ್ಲಿ ತರಗತಿಗೆ ತಿದ್ದಿ ಹೇಳಿದೆನೇ? ಇಲ್ಲ. ಆ ವರ್ಷವಿಡೀ ಮಾತು ತೇಲಿಸಿಬಿಟ್ಟೆ.

ಅವರಿಗೆ ಇದು ಎಲ್ಲಿಂದ ಬಂತು ಎಂದು ಆಮೇಲೆ ತಿಳಿಯಿತು. ಅವರ ತಂದೆ ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಸುಟ್ಟ ಮೋಟಾರುಗಳನ್ನು ವೈಂಡಿಂಗ್ ಮಾಡುತ್ತಿದ್ದರು. ತಾಮ್ರದ ಸುರುಳಿ ಸುತ್ತುವುದಕ್ಕೆ ಮಗಳ ಸಣ್ಣ ಬೆರಳು ಅನುಕೂಲ. ಒಂದು ತುದಿ ಸಿಕ್ಕಿತು ಎಂದು ಮಗಳು ಕುಣಿದರೆ, "ಶುರು ಸಿಕ್ರ ಏನಾತು ಬೇಟಿ, ಆಖರಿ ಹುಡುಕು" ಅನ್ನುತ್ತಿದ್ದರಂತೆ. ಹೊಲಿಗೆ ಪೆಟ್ಟಿಗೆಯಲ್ಲಿ ಕತ್ತರಿ, ಟೇಪಿನ ಜೊತೆ ಒಂದು ಹೋಲ್ಡರು, ಅದರಲ್ಲೊಂದು ಬಲ್ಬು, ಎರಡು ಉದ್ದ ತಂತಿ ಸದಾ ಇರುತ್ತಿದ್ದವು. ಹುಡುಗಿಯರಿಗೆ ಅವರು ಹೇಳುತ್ತಿದ್ದ ಮಾತೂ ಅದರದ್ದೇ: "ಎಲ್ಲಿಂದ ಬಂತು ಅಂತ ಎಲ್ಲಾರೂ ಕೇಳ್ತಾರವಾ. ನೀವ್ ಎಲ್ಲಿಗಿ ಹೋತು ಅಂತ ಕೇಳ್ರಿ."

ಹಾಗಂತ ಅವರ ಹೊಲಿಗೆ ಏನು ಮಹಾ ಇರಲಿಲ್ಲ. ನನಗೊಂದು ಅಂಗಿ ಹೊಲಿದುಕೊಟ್ಟರು. ಬಲದ ತೋಳು ಎಡದ್ದಕ್ಕಿಂತ ಎರಡು ಬೆರಳು ಉದ್ದ. ತೋರಿಸಿದರೆ, "ಆ ಕೈಲೆ ಬೋರ್ಡ್ ಬರೀತೀರಲ್ಲ, ಸುಣ್ಣದ ಪುಡಿ ಒಳಗ ಹೋಗಂಗಿಲ್ಲ ಬಿಡ್ರಿ" ಅಂದರು. ತಪ್ಪಾಯಿತು ಅನ್ನುವ ಮಾತು ಅವರ ಬಾಯಲ್ಲಿ ನಾನು ಕೇಳಿಲ್ಲ. ಅದು ಅವರ ದೋಷವೇ. ಪತ್ರದಲ್ಲಿ ಅದೂ ಇರಲಿಲ್ಲ.

ಈಗ ಗೂಟದ ವಿಷಯ.

ಕಂಬದಿಂದ ಶಾಲೆಗೆ ಎರಡು ತಂತಿ ಬರುತ್ತಿದ್ದವು. ಒಂದು ಗಾಳಿಗೆ ಹರಿದು ಬಿದ್ದಿತ್ತು, ಅದೂ ಕರೆಂಟು ತಿರುಗಿ ಹೋಗುವ ತಂತಿ. ಅರ್ಜಿ ಕೊಟ್ಟಿದ್ದೆವು, ಯಾರೂ ಬಂದಿರಲಿಲ್ಲ. ಆ ಊರಿನಲ್ಲಿ ಅದಕ್ಕೊಂದು ಮದ್ದು ಮೊದಲೇ ಇತ್ತು. ಒಂದು ತಂತಿ ಇಲ್ಲದಿದ್ದರೆ ಒಂದು ಕಬ್ಬಿಣದ ಗೂಟ ನೆಲಕ್ಕೆ ಬಡಿದು, ಹರಿದ ತಂತಿಯ ಬದಲು ಅದಕ್ಕೆ ಸಂಪರ್ಕ ಕೊಟ್ಟುಬಿಡುವುದು. ಕರೆಂಟು ನೆಲದ ದಾರಿ ಹಿಡಿದು ತಿರುಗಿ ಹೋಗುತ್ತದೆ. ಆದರೆ ಒಣಗಿದ ಎರೆಮಣ್ಣಿನಲ್ಲಿ ದಾರಿ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಗೂಟವನ್ನು ಸದಾ ಹಸಿ ಇರುವ ಕಡೆ ಬಡಿಯುತ್ತಿದ್ದರು. ಮನೆಗಳಲ್ಲಿ ಬಚ್ಚಲ ನೀರು ಹರಿಯುವಲ್ಲಿ, ನಮ್ಮ ಶಾಲೆಯಲ್ಲಿ ಹಿತ್ತಲಿನ ನಲ್ಲಿಯ ಪಕ್ಕ. ಬುಡಕ್ಕೆ ಒಂದು ಹಿಡಿ ಉಪ್ಪು. ಬೇಸಿಗೆಯಲ್ಲಿ ಹಸಿ ಆರಿದರೆ ಹೆಡ್‌ಮಾಸ್ಟರ ತಲೆಯ ಮೇಲಿನ ಫ್ಯಾನು ಮೆತ್ತಗಾಗುತ್ತಿತ್ತು. ಅವರು ಕುರ್ಚಿಯಿಂದಲೇ, "ಏ, ಗೂಟಕ್ಕ ನೀರ ಹಾಕಪಾ" ಎಂದು ಜವಾನನನ್ನು ಕೂಗುತ್ತಿದ್ದರು. ಒಂದು ಕೊಡ ನೀರು ಬಿದ್ದೊಡನೆ ಫ್ಯಾನು ಜೋರಾಗುತ್ತಿತ್ತು. ನಮಗೆಲ್ಲ ಅದೊಂದು ತಮಾಷೆ.

ತಮಾಷೆ ಅಲ್ಲ ಎಂದು ಅಕ್ಕೋರು ಮೊದಲೇ ಹೇಳಿದ್ದರು. ಹೊಲಿಗೆ ಕೋಣೆಯಲ್ಲಿ ಹುಡುಗಿಯರು ಬಾಯಿ ಬಿಡುತ್ತಾರಲ್ಲ, ನಲ್ಲಿ ಹಿಡಿದರೆ ಕಾಲಿನಿಂದ ಕೈಗೆ ಜುಮ್ಮ ಅನ್ನುತ್ತದೆ ಎಂದಿದ್ದರು. ಮನೆಯಲ್ಲಿ ಅವರ ತಾಯಂದಿರಿಗೂ ಬಚ್ಚಲಲ್ಲಿ ಹಾಗೇ ಆಗುತ್ತಿತ್ತಂತೆ. ನರದ ದೌರ್ಬಲ್ಯ ಎಂದು ಕೊಪ್ಪಳಕ್ಕೆ ಹೋಗಿ ಟಾನಿಕ್ ತರುತ್ತಿದ್ದರಂತೆ. ಅಕ್ಕೋರು ಹೆಡ್‌ಮಾಸ್ಟರ ಕೋಣೆಗೆ ಬಂದು ಗೂಟ ತೆಗೆಸಿ ಅಂದರು. ಹೆಡ್‌ಮಾಸ್ಟರು ನನ್ನನ್ನು ಕರೆಸಿದರು.

"ಏನ್ರಿ ಸೈನ್ಸ್ ಮಾಸ್ತರ, ನೆಲದಾಗ ಹೋಗೂ ಕರೆಂಟಿನಿಂದ ಏನರ ಆಗತೈತೇನು?"

ಪುಸ್ತಕದಲ್ಲಿ ಭೂಮಿ ಅಂದರೆ ಸೊನ್ನೆ ವೋಲ್ಟ್ ಎಂದು ಇತ್ತು. ಹಾಗೇ ಹೇಳಿದೆ. "ಏನೂ ಆಗೂದಿಲ್ರಿ ಸರ. ಹುಡುಗ್ಯಾರ ಭ್ರಮಿ." ಅಕ್ಕೋರು ನನ್ನ ಬೂಟುಗಳನ್ನೊಮ್ಮೆ ನೋಡಿ ಹೊರಗೆ ಹೋದರು.

ಹದಿನೈದು ದಿನವೂ ಆಗಿರಲಿಲ್ಲ. ಬಿಸಿಲು ಏರಿತ್ತು, ನೆಲ ಆರಿತ್ತು. ಬಲ್ಬಿನ ಪ್ರಶ್ನೆ ಕೇಳಿದ್ದಳಲ್ಲ, ಅದೇ ಹುಡುಗಿ ಊಟದ ಡಬ್ಬಿ ತೊಳೆಯಲು ನಲ್ಲಿ ಹಿಡಿದವಳು ಕೈಕಾಲು ಸೆಟೆದು ಬಿದ್ದಳು. ಎಚ್ಚರವಾಯಿತು, ನೀರು ಕುಡಿದಳು, ನಡೆದೇ ಮನೆಗೆ ಹೋದಳು. ಊರಲ್ಲಿ ಮಾತ್ರ ಸಂಜೆಯೊಳಗೆ ಆಕೆಗೆ ಮೂರ್ಛೆರೋಗ ಎಂದಾಗಿಹೋಗಿತ್ತು. ಮರುದಿನ ಅವಳ ತಂದೆ ಬಂದರು. ಹೊಲದ ಕೆಲಸದ ಗಟ್ಟಿ ಆಳು, ಮುಖ ಮಾತ್ರ ಇಳಿದುಹೋಗಿತ್ತು. "ಆಕೀ ಟಿ.ಸಿ. ಕೊಟ್ಟುಬಿಡ್ರಿ ಸಾಹೇಬ್ರ. ಹಿಂತಾ ರೋಗದ ಹುಡುಗೀನ ಸಾಲಿಗಿ ಕಳಿಸಿ ನಾಕ ಮಂದಿ ಬಾಯಾಗ ಬೀಳೂದು ಬ್ಯಾಡ" ಅಂದರು. ಹೆಡ್‌ಮಾಸ್ಟರು ಪೆನ್ನು ತೆಗೆದರು. ಒಂಬತ್ತನೆಯ ತರಗತಿಗೆ ಆ ಹುಡುಗಿಯ ಓದು ಮುಗಿಯುವುದರಲ್ಲಿತ್ತು. ನಾನು ಅಲ್ಲೇ ನಿಂತಿದ್ದೆ. 

ಅಕ್ಕೋರು ಒಳಗೆ ಬಂದರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಬರೀಬ್ಯಾಡ್ರಿ. ಮೊದಲ ಹಿತ್ತಲಕ ಬರ್ರಿ. ಮೂರೂ ಮಂದಿ ಬರ್ರಿ."

"ಏನ್ ಹುಚ್ಚರೀ ಅಕ್ಕೋರ?" ಹೆಡ್‌ಮಾಸ್ಟರು ರೇಗಿದರು.

"ಹೌದ್ರಿ, ಹುಚ್ಚ. ಬರ್ರಿ."

ಹಿತ್ತಲಿಗೆ ಹೋದೆವು. ಟ್ಯೂಬ್‌ಲೈಟುಗಳನ್ನೆಲ್ಲ ಆರಿಸಿ ಹೆಡ್‌ಮಾಸ್ಟರ ಫ್ಯಾನೊಂದನ್ನೇ ಹಚ್ಚಿಸಿದರು. ಕರೆಂಟು ಕಡಿಮೆ ಇರಲಿ, ತಿಳಿಯುವುದಕ್ಕೆ ಅಷ್ಟು ಸಾಕು ಅಂದರು. ತಮ್ಮ ಹೋಲ್ಡರಿನ ತಂತಿಗಳನ್ನು ಹಿಡಿದು ಮೊದಲು ನಮಗೊಂದು ಪಾಠ ಮಾಡಿದರು.

"ಕರೆಂಟ ಆ ತಂತೀಲೆ ಬಂತು, ಫ್ಯಾನ್ ತಿರುಗಿಸ್ತು. ಖರೆ. ಮತ್ತ ಎಲ್ಲಿಗಿ ಹೋತು? ಈ ಗೂಟಕ್ಕ ಬಂತು. ಗೂಟದಿಂದ ಈ ಹಸೀ ನೆಲಕ್ಕ ಬಂತು. ಅದಕ್ಕ ತಿರುಗಿ ಹೋಗಾಕ ದಾರಿ ಬೇಕು. ಸುತ್ತಿನ ನೆಲ ಆರಿ ಬಿರಕ ಬಿಟ್ಟಿದ್ರ ಅದು ಹಗೂರ ದಾರಿ ಹುಡುಕತೈತಿ. ಈ ನಳದ ಪೈಪ ಬೋರಿನ್ಯಾಗ ಆಳಕ್ಕ ಹೋಗೈತಿ, ಅಲ್ಲಿ ನೀರೈತಿ. ನೆಲದಿಂದ ನಳಕ್ಕ ನಡುವ ಯಾರ ಇರತಾರ? ಬರಿಗಾಲಿಲೆ ನಿಂತು ನಳ ಹಿಡಿದ ಹುಡುಗಿ. ಆಕೀನ ನಿಮ್ಮ ಎರಡನೇ ತಂತಿ."

 ಅಕ್ಕೋರು ತಮ್ಮ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟರು.

"ನೀವ್ ಗಂಡಸರು ಇಲ್ಲಿ ಬೂಟ ಹಾಕ್ಕೊಂಡ ಬರ್ತೀರಿ. ಹುಡುಗ್ಯಾರು ಚಪ್ಪಲಿ ಕೆಡಬಾರದು ಅಂತ ಬರಿಗಾಲಿಲೆ ಬರ್ತಾರ. ಕಳೀರಿ ಬೂಟ. ಆಕಿ ನಿಂತ ಜಾಗಾದಾಗ ನಿಲ್ರಿ. ನಳ ಮುಟ್ರಿ. ಹಿಂಗೈಲೆ ಮುಟ್ರಿ, ಹಿಡಕೋಬ್ಯಾಡ್ರಿ. ಹಿಡಕೊಂಡ್ರ ಕೈ ಬಿಡೂದಿಲ್ಲ."

ತಾವೇ ಮೊದಲು ನಿಂತು ಹಿಂಗೈ ಮುಟ್ಟಿಸಿ ತೆಗೆದರು. ಹೆಡ್‌ಮಾಸ್ಟರು, "ನನಗ ಶುಗರ್ ಐತ್ರಿ, ಬರಿಗಾಲಿಲೆ ನಿಂದ್ರಂಗಿಲ್ಲ" ಎಂದು ಹಿಂದೆ ಸರಿದರು. ಹುಡುಗಿಯ ತಂದೆ ಚಪ್ಪಲಿ ಬಿಟ್ಟು ಹಸಿ ನೆಲದ ಮೇಲೆ ನಿಂತು ಹಿಂಗೈ ತಾಗಿಸಿದರು. ಕೈ ಚಿಮ್ಮಿ ಹಿಂದಕ್ಕೆ ಬಂತು. ಆಮೇಲೆ ನನ್ನ ಸರದಿ. ಬೂಟು ಬಿಚ್ಚಿ, ಸಾಕ್ಸು ತೆಗೆದು ನಿಂತೆ. ಮುಟ್ಟಿದೆ. ಮೊಣಕೈವರೆಗೆ ಸರ್ರನೆ ಏರಿತು. ಸೊನ್ನೆ ವೋಲ್ಟ್ ಅಂದವನು ನಾನೇ. ಪುಸ್ತಕದ ಭೂಮಿ ಬೇರೆ, ಗೂಟ ಬಡಿದ ನೆಲ ಬೇರೆ ಎಂದು ನನ್ನ ಮೈಗೇ ಗೊತ್ತಾಯಿತು.

ತಂದೆ ಕೈ ಉಜ್ಜಿಕೊಳ್ಳುತ್ತ ಕೇಳಿದರು: "ಹಂಗಾರ ನನ್ನ ಮಗಳಿಗಿ ರೋಗ ಇಲ್ಲೇನ್ರಿ?"

"ನಿಮ್ಮ ಮಗಳಿಗಿಲ್ಲ. ನಮ್ಮ ಸಾಲಿಗೈತಿ."

ಅಕ್ಕೋರು ಒಳಗೆ ಹೋಗಿ ಫ್ಯೂಜು ಕಿತ್ತು ಸೆರಗಿಗೆ ಕಟ್ಟಿಕೊಂಡು ಬಂದು ಗೂಟಕ್ಕೆ ಕೈ ಹಾಕಿದರು. ಅದು ಅಲುಗಾಡಲಿಲ್ಲ. ತಂದೆ ಜೊತೆಗೆ ಕೈ ಹಾಕಿದರು. ಗೂಟ ಕಿತ್ತು ಬಂತು. ನಾನು ಕೈಯಲ್ಲಿ ಬೂಟು ಹಿಡಿದು ನಿಂತಿದ್ದೆ. ಗೂಟದಿಂದ ಏನೂ ಆಗುವುದಿಲ್ಲ ಎಂದು ಹೇಳಿದ ಮಾಸ್ತರ ನಾನೇ ಎಂದು ಆ ತಂದೆಯ ಮುಂದೆ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಅಕ್ಕೋರೂ ಆಡಲಿಲ್ಲ.

ಮರುದಿನವೇ ಅವರು ಯಲಬುರ್ಗಾಕ್ಕೆ ಹೋಗಿ, ತಂತಿ ಹಾಕುವವರ ಆಫೀಸಿನ ಬಾಗಿಲಲ್ಲೇ ಬೆಂಚಿನ ಮೇಲೆ ಕೂತು ಹುಡುಗಿಯರ ಸಮವಸ್ತ್ರಗಳಿಗೆ ಗುಂಡಿ ಹಚ್ಚತೊಡಗಿದರು. ಏನ್ರಿ ಅಮ್ಮಾ ಎಂದು ಕೇಳಿದವರಿಗೆಲ್ಲ, "ಎರಡನೇ ತಂತಿ ಬರೂತನ ಇಲ್ಲೇ ಹೊಲೀತೀನ್ರಿ, ನನಗೇನ್ ಅವಸರಿಲ್ಲ" ಅಂದರು. ಮೂರನೆಯ ದಿನ ಏಣಿ ಹೊತ್ತು ಜನ ಬಂದರು. ಆಮೇಲೆ ಊರಿನ ಹೆಂಗಸರು ತಮ್ಮ ತಮ್ಮ ಬಚ್ಚಲ ಗೂಟಗಳನ್ನು ನೋಡುವ ರೀತಿಯೇ ಬದಲಾಯಿತು. ಎಷ್ಟೋ ಮನೆಗಳಲ್ಲಿ ಜಗಳವಾಗಿ ಗೂಟಗಳು ಕಿತ್ತುಬಂದವು.

ಹೆಡ್‌ಮಾಸ್ಟರು ಸುಮ್ಮನಿರಲಿಲ್ಲ. ಶಾಲೆಯ ಆಸ್ತಿಗೆ ಧಕ್ಕೆ, ಮೇಲಿನವರಿಗೆ ಅಗೌರವ ಎಂದು ನೋಟೀಸು ಕೊಟ್ಟರು. ಅಕ್ಕೋರು ಬರೆದ ಉತ್ತರ ಎರಡೇ ಸಾಲು: "ಗೂಟ ಕಿತ್ತಿದ್ದು ನಿಜ. ಮತ್ತೆ ಹಾಕಿದರೆ ಮತ್ತೆ ಕೀಳುತ್ತೇನೆ." ಸ್ವಲ್ಪ ಮೆತ್ತಗೆ ಬರೆಯಿರಿ ಎಂದು ನಾನು ಬುದ್ಧಿ ಹೇಳಲು ಹೋದೆ. "ಕಾಗುಣಿತ ತಪ್ಪಿದ್ರ ತಿದ್ದ್ರಿ ಸರ. ಮಾತ ತಿದ್ದಬ್ಯಾಡ್ರಿ" ಅಂದರು. ಕಾಗುಣಿತ ಸರಿಯಾಗಿಯೇ ಇತ್ತು. ಮುಂದಿನ ಜೂನಿನಲ್ಲಿ ಅವರಿಗೆ ಗಂಗಾವತಿ ಕಡೆಯ ಗದ್ದೆ ಸೀಮೆಗೆ ವರ್ಗವಾಯಿತು. ತವರಿನ ಕಡೆಯೇ ಆದರೂ ಅದು ಶಿಕ್ಷೆ ಎಂದು ಎಲ್ಲರಿಗೂ ಗೊತ್ತಿತ್ತು. ಹೊರಡುವ ದಿನ ನನಗೆ ಆ ಹೋಲ್ಡರು, ಬಲ್ಬು, ಎರಡು ತಂತಿ ಕೊಟ್ಟು ಹೋದರು. ಅಲ್ಲಿಂದೀಚೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದನ್ನು ತರಗತಿಗೆ ಒಯ್ದು ಪಾಠ ಮಾಡಿದ್ದೇನೆ. ಎಲ್ಲಿಗೆ ಹೋಯಿತು ಎಂದು ಮಕ್ಕಳಿಗೆ ಕೇಳಿದ್ದೇನೆ. ಮೊದಲ ವರ್ಷ ನಾನು ಹೇಳಿದ್ದೇನು ಎಂಬುದನ್ನು ಮಾತ್ರ ಯಾವ ತರಗತಿಗೂ ಹೇಳಿಲ್ಲ.

ಈಗ ಬೀಳ್ಕೊಡುಗೆಗೆ ಬರುತ್ತೇನೆ. ಅವರ ಕೊನೆಯ ಶಾಲೆ, ಸುತ್ತ ಗದ್ದೆ, ಶಾಮಿಯಾನ. ದೀಪ ಹಚ್ಚುವಾಗ ವೇದಿಕೆಯ ಮೇಲೆ ಎಲ್ಲರೂ ಚಪ್ಪಲಿ ಬಿಟ್ಟಿದ್ದೆವು. ಧೂಳು ಏಳದಿರಲಿ ಎಂದು ಸಿಮೆಂಟಿಗೆ ನೀರು ಚಿಮುಕಿಸಿದ್ದರು. ಮುಂದಿನ ಸಾಲಿನಲ್ಲಿ ಅವತ್ತು ನಲ್ಲಿಯ ಹತ್ತಿರ ಬಿದ್ದಿದ್ದ ಹುಡುಗಿ ಕೂತಿದ್ದಳು. ಅವಳೀಗ ಕುಷ್ಟಗಿ ಕಡೆ ಆಸ್ಪತ್ರೆಯೊಂದರಲ್ಲಿ ನರ್ಸು. ರಜೆ ಹಾಕಿ ಬಂದಿದ್ದಳು. ನಾನು ಮೈಕಿನ ಮುಂದೆ ನಿಂತು ಓದತೊಡಗಿದೆ. ಒಂದು ಪುಟ ಮುಗಿಯುವಷ್ಟರಲ್ಲಿ ಮೈಕು ತುಟಿಗೆ ತಾಗಿ ಜುಮ್ಮ ಅಂದಿತು. ಒಂದು ಹೆಜ್ಜೆ ಹಿಂದೆ ಸರಿದು ಎರಡನೆಯ ಪುಟ ತಿರುವಿದೆ. ನನ್ನ ಪಕ್ಕದಲ್ಲಿ ಏಳೆಂಟು ಹುಡುಗಿಯರು ಬರಿಗಾಲಲ್ಲಿ ಸಾಲಾಗಿ ನಿಂತಿದ್ದರು. ನನ್ನದು ಮುಗಿದ ಮೇಲೆ ಅದೇ ಮೈಕಿಗೆ ಹಾಡುವವರು.

"ಸರ," ಅಕ್ಕೋರು ಕುರ್ಚಿಯಿಂದಲೇ ಕೇಳಿದರು. ಮೈಕಿನಲ್ಲಿ ಅದು ಇಡೀ ಶಾಮಿಯಾನಕ್ಕೆ ಕೇಳಿಸಿತು. "ತುಟಿಗಿ ಜುಮ್ಮ ಅಂತೇನು?"

"ಸ್ವಲ್ಪ ಅಂತ್ರಿ ಅಕ್ಕೋರ."

"ಮತ್ತ ಯಾಕ ಸುಮ್ನಿದ್ರಿ?"

ಅವರು ಏಳಲಿಲ್ಲ. ನನ್ನನ್ನೇ ನೋಡುತ್ತ ಕೂತರು. ಪತ್ರ ಮಡಿಚಿ ಜೇಬಿಗಿಟ್ಟು ಕೆಳಗಿಳಿದೆ. ಶಾಮಿಯಾನದ ಹಿಂದೆ ಹೋಗಿ ನೋಡಿದರೆ, ಮೈಕಿನವರಿಗೆ ತಂತಿ ಸಾಲದೆ ಬಂದಿದೆ. ಜೋಡಿ ತಂತಿಯನ್ನು ಸೀಳಿ, ತುದಿಗೆ ತುದಿ ಕಟ್ಟಿ ಒಂದೇ ತಂತಿ ಮಾಡಿ ದೂರದ ಪಂಪಿನ ಮನೆಯಿಂದ ಎಳೆದಿದ್ದಾರೆ. ಎರಡನೆಯ ತಂತಿಯ ಬದಲು ಕಾಲುವೆಯ ಪಕ್ಕ ಕಬ್ಬಿಣದ ಗೂಟ. ಪಂಪಿನ ಮನೆಗೆ ಹೋಗಿ ಸ್ವಿಚ್ಚು ಆರಿಸಿ ಬಂದು ಎರಡೂ ಕೈಯಿಂದ ಗೂಟ ಕಿತ್ತೆ. ಮೈಕಿನವರು ಕೂಗಾಡಿದರು. ಕೂಗಾಡಲಿ.

ಕೈ ಕೆಸರಾಗಿತ್ತು. ಹಾಗೇ ವೇದಿಕೆಗೆ ಬಂದು, ಮೈಕಿಲ್ಲದೆ, ಮುಂದಿನ ಸಾಲಿನ ಕಡೆ ನೋಡಿ ಜೋರಾಗಿ ಹೇಳಿದೆ: "ಆವತ್ತ ನೀ ಬೀಳೂದಕ್ಕ ಮದಲ, ಆ ಗೂಟದಿಂದ ಏನೂ ಆಗೂದಿಲ್ಲ, ಹುಡುಗ್ಯಾರ ಭ್ರಮಿ ಅಂತ ಹೆಡ್ ಮಾಸ್ತರಿಗೆ ಹೇಳಿದಾಂವ ನಾನ ಇದ್ದೆ. ತಪ್ಪ ನಂದು."

ಅವಳು ಎದ್ದು ನಿಂತಳು. ಹಳೆಯ ವಿದ್ಯಾರ್ಥಿ ಎದ್ದು ನಿಂತ ಹಾಗೆಯೇ ನಿಂತಳು.

"ಗೊತ್ತಿತ್ರಿ ಸರ. ಆವತ್ತ ನಾ ಕಿಡಕಿ ಹೊರಗ ನಿಂತಿದ್ದೆ. ನೀವ ಒಂದ ದಿನ ಹೇಳ್ತೀರಿ ಅಂತ ಕಾದಿದ್ದೆ."

ಶಾಮಿಯಾನದಲ್ಲಿ ಗದ್ದಲ ಎದ್ದಿತು. ಕರೆಂಟಿಲ್ಲ, ಮೈಕಿಲ್ಲ, ಕಾರ್ಯಕ್ರಮ ಮುಂದೆ ಹೇಗೆ ಎಂದು ವೇದಿಕೆಯ ಮೇಲಿನವರು ಎದ್ದರು. ಹುಡುಗಿಯರು ಮಾತ್ರ ನಿಂತಲ್ಲೇ ಹಾಡು ಶುರು ಮಾಡಿದರು, ಅದು ಕಡೆಯ ಸಾಲಿನವರೆಗೂ ಕೇಳಿಸಿತು. ನಾನು ಜೇಬಿನಿಂದ ಪತ್ರ ತೆಗೆಯಲು ಹೋದೆ. ಅಕ್ಕೋರು ಕೈ ಅಡ್ಡ ಮಾಡಿದರು.

"ಇನ್ನ ಆ ಹಾಳಿ ಓದಬ್ಯಾಡ್ರಿ ಸರ. ಇಷ್ಟ ಸಾಕು."

ಆದದ್ದು ಇದು. ಅವರು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಸಮಾರಂಭ ಕೆಡಿಸಿದವನು ನಾನು. ಮತ್ತೆ ಕರೆದರೆ ಮತ್ತೆ ಕೆಡಿಸುತ್ತೇನೆ.